ಅವ್ವನ ಆಕ್ಸಿಜನ್ 84: ಕ್ಯಾಶುವಾಲ್ಟಿಯಿಂದ ಮನೆ ಮೆಷಿನ್‌ವರೆಗೆ

ಇನ್ಶೂರೆನ್ಸ್‌ನವರ ಕೊನೆಯ ಮೆಸೇಜ್ ಮೊನ್ನೆ ಬಂತು. ಅಲ್ಲಿಗೆ ಅವ್ವನ ಆಕ್ಸಿಜನ್ ಪ್ರಕರಣದ ಕಾಗದಪತ್ರದ ಓಡಾಟ ಒಂದು ಹಂತಕ್ಕೆ ಮುಗಿದ ಹಾಗೆ. ಈ ದಾರಿಯಲ್ಲಿ ಈಗಷ್ಟೇ ಹೊರಟಿರುವವರು ದಾವಣಗೆರೆ, ಚಿತ್ರದುರ್ಗದ ಕಡೆ ಎಷ್ಟೋ ಜನ ಇರುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಎಷ್ಟು, ಆಕ್ಸಿಜನ್ ಎಷ್ಟು ಲೀಟರ್ ಅನ್ನೋದನ್ನೆಲ್ಲ ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ. ನಾನು ಹೇಳುವುದು ಆಸ್ಪತ್ರೆ ಫೈಲು, ದುಡ್ಡು, ಕಾಯುವಿಕೆ ಮತ್ತು ಅರ್ಥವಾಗದ ಆ ಹೆಸರುಗಳ ಬಗ್ಗೆ.

ಅವ್ವನಿಗೆ ಅರವತ್ತೆಂಟು. ಬೀಡಿ, ಸಿಗರೇಟು ಕೈಯಲ್ಲಿ ಹಿಡಿದವರಲ್ಲ. ಆದರೆ ಜಗಳೂರು ಕಡೆ ಹಳ್ಳಿಯಲ್ಲಿ ಮದುವೆಯಾದಾಗಿನಿಂದ ಗ್ಯಾಸ್ ಬರುವವರೆಗೆ ಸೌದೆ ಒಲೆ. ಹತ್ತಿಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಮಳೆಗಾಲದಲ್ಲಿ ಹಸಿ ಸೌದೆ. ಅಡುಗೆಮನೆಗೆ ಒಂದೇ ಒಂದು ಸಣ್ಣ ಕಿಟಕಿ. ಅವ್ವನದು ಸಿಒಪಿಡಿ, ಶ್ವಾಸಕೋಶದ ಗಾಳಿದಾರಿ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಅದು ಬೀಡಿ ಸೇದುವ ಗಂಡಸರ ಕಾಯಿಲೆ ಅಂತಲೇ ನಮ್ಮ ಮನೆಯಲ್ಲೆಲ್ಲ ಅಂದುಕೊಂಡಿದ್ದೆವು. ಒಲೆಯ ಹೊಗೆಯಲ್ಲಿ ಜೀವನ ತೆಗೆದ ಹೆಂಗಸರಿಗೂ ಇದೇ ಕಾಯಿಲೆ ಬರುತ್ತದೆ, ನಮ್ಮ ದೇಶದಲ್ಲಿ ಜಾಸ್ತಿನೇ ಬರುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು.

ಅವ್ವ ಒಂದೆರಡು ವರ್ಷದಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. ಕೇಳಿದರೆ ‘ವಯಸ್ಸಾತಲ್ಲೋ, ದಮ್ಮು ಬರದೇ ಇರ್ತೈತಾ’ ಅನ್ನೋರು. ಸಂಡಿಗೆ ಒಣಗಿಸಲು ಮಹಡಿ ಹತ್ತುವುದನ್ನು ಬಿಟ್ಟರು. ಸಂಜೆ ಹೊತ್ತಿಗೆ ಕಾಲು ಊದುತ್ತಿತ್ತು. ಈ ಸಲ ಚಳಿ ಶುರುವಾದಾಗ ಕೆಮ್ಮು, ಕಫ ಬಂತು. ಒಂದು ಬೆಳಿಗ್ಗೆ ನನ್ನನ್ನು ನಮ್ಮ ಸೋದರಮಾವನ ಹೆಸರಿನಿಂದ ಕರೆದರು, ಎರಡು ಸಲ. ತುಟಿ, ಉಗುರು ನೀಲಿ ಬಣ್ಣಕ್ಕೆ ತಿರುಗಿತ್ತು. ಕೋವಿಡ್ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಹಾಕಿದರೆ 84.

ಇಲ್ಲೊಂದು ಮಾತು. ಆ ಬೆರಳಿನ ಯಂತ್ರ ತಕ್ಷಣ ತೋರಿಸುವ ನಂಬರನ್ನು ನಂಬಬೇಡಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್ ಇದ್ದರೆ ತೆಗೆಯಿರಿ. ಕೈ ಅಲ್ಲಾಡಿಸದೆ ಅರ್ಧ, ಒಂದು ನಿಮಿಷ ಬಿಟ್ಟು ನಂಬರ್ ನಿಂತ ಮೇಲೆ ನೋಡಿ. ಕಪ್ಪು ಚರ್ಮದವರಲ್ಲಿ ಇದು ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವ ಸಾಧ್ಯತೆಯೂ ಇದೆಯಂತೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಕಾರ್ಬನ್ ಮೊನಾಕ್ಸೈಡ್ ಸೇರಿದವರಲ್ಲಂತೂ ಜೀವಕ್ಕೆ ಅಪಾಯ ಇದ್ದಾಗಲೂ ಚೆನ್ನಾಗಿಯೇ ತೋರಿಸಬಹುದು. ಆದರೆ ನಂಬರ್ ಕಡಿಮೆ ಇದ್ದು, ಮನುಷ್ಯನೂ ಸರಿ ಇಲ್ಲ ಅಂದರೆ ಮಿಷನ್ ಸರಿ ಇದೆಯಾ ಅಂತ ಪರೀಕ್ಷೆ ಮಾಡುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ನಾವು ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು.

ಹೋಗಿದ್ದು ಊರಿನ ಒಂದು ಖಾಸಗಿ ಆಸ್ಪತ್ರೆಗೆ. ಕ್ಯಾಶುವಾಲ್ಟಿಯಲ್ಲಿ ಸಿಸ್ಟರ್ ಮತ್ತೆ ಬೆರಳಿಗೆ ಹಾಕಿದರು, 84ರಿಂದ 85. ಅದನ್ನು ಒಂದು ಹಳದಿ ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ‘ರೂಮ್ ಏರ್’ ಅಂತ ಸೇರಿಸಿದರು. ಅಂದರೆ ಹೊರಗಿನಿಂದ ಆಕ್ಸಿಜನ್ ಕೊಡದೆ, ಬರೀ ಗಾಳಿ ಉಸಿರಾಡುತ್ತಿರುವಾಗಿನ ನಂಬರ್ ಅಂತ. ಈ ಎರಡು ಶಬ್ದಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನಮ್ಮ ತಲೆನೋವಾಯಿತು.

ಆಮೇಲೆ ಎಬಿಜಿ, ಅಂದರೆ ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ನೋಡುವ ಪರೀಕ್ಷೆ. ಮಾಮೂಲಿ ರಕ್ತಪರೀಕ್ಷೆ ಅಲ್ಲ. ಮಣಿಕಟ್ಟಿನಲ್ಲಿ ನಾಡಿ ಬಡಿಯುವ ಅಪಧಮನಿಗೇ ಸೂಜಿ ಹಾಕುತ್ತಾರೆ. ನೋವು ಜಾಸ್ತಿ. ‘ಯಪ್ಪಾ, ಸಾಕು ಬಿಡ್ರೋ’ ಅಂತ ಅವ್ವ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಸೂಜಿ ತೆಗೆದ ಮೇಲೆ ಅಲ್ಲಿ ಐದು ನಿಮಿಷವಾದರೂ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕೈ ಕಪ್ಪಗಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳೋರಾದರೆ ಮೊದಲೇ ಹೇಳಿ. ಆ ಪರೀಕ್ಷೆಗೆ ಒಂಬೈನೂರು ರೂಪಾಯಿ, ಆಮೇಲೆ ಪ್ರತಿ ಸಲವೂ ಅಷ್ಟೇ.

ರಿಪೋರ್ಟ್ ಬೇಗನೇ ಬಂತು. ಪಿಎಒ2 50, ಪಿಎಸಿಒ2 56. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು, ಅವಸರದಲ್ಲಿದ್ದರೂ ಬಿಡಿಸಿ ಹೇಳಿದರು. ಪಿಎಒ2 ಅಂದರೆ ಅಪಧಮನಿಯ ರಕ್ತದಲ್ಲಿ ಆಕ್ಸಿಜನ್‌ನ ಒತ್ತಡ. ಸಾಮಾನ್ಯವಾಗಿ 80ರಿಂದ 100 ಇರುತ್ತದೆ. 60ಕ್ಕಿಂತ ಇಳಿದರೆ ಅದಕ್ಕೆ ರೆಸ್ಪಿರೇಟರಿ ಫೇಲ್ಯೂರ್ ಅನ್ನುತ್ತಾರೆ. ಪಿಎಸಿಒ2 ಕಾರ್ಬನ್ ಡೈಆಕ್ಸೈಡ್‌ನದು, 35ರಿಂದ 45 ಇರಬೇಕು. ಆಕ್ಸಿಜನ್ ಮಾತ್ರ ಕಡಿಮೆ ಇದ್ದರೆ ಟೈಪ್ 1. ಅದರ ಜೊತೆ ಕಾರ್ಬನ್ ಡೈಆಕ್ಸೈಡ್ ಕೂಡ ಏರಿದ್ದರೆ ಟೈಪ್ 2. ಅವ್ವನದು ಟೈಪ್ 2. ಫೇಲ್ಯೂರ್ ಅನ್ನೋ ಶಬ್ದ ಕೇಳಿ ನನ್ನ ತಂಗಿ ಅಲ್ಲೇ ಬೆಂಚಿನ ಮೇಲೆ ಕೂತು ಅಳಲು ಶುರುಮಾಡಿದಳು. ನನಗೂ ಕೈಕಾಲು ಆಡಲಿಲ್ಲ. ಶ್ವಾಸಕೋಶ ತನ್ನ ಕೆಲಸವನ್ನು ಸಾಕಷ್ಟು ಮಾಡುತ್ತಿಲ್ಲ ಅಂತ ಮಾತ್ರ ಅದರರ್ಥ, ಎಲ್ಲ ಮುಗಿಯಿತು ಅಂತಲ್ಲ.

ಇಪ್ಪತ್ತು ಸಾವಿರ ಅಡ್ವಾನ್ಸ್ ಕಟ್ಟಿ ಅಡ್ಮಿಟ್ ಮಾಡಿದೆವು. ನೆಬುಲೈಸರ್, ಸ್ಟೀರಾಯ್ಡ್, ಆಂಟಿಬಯೋಟಿಕ್, ರಾತ್ರಿ ಬೈಪ್ಯಾಪ್ ಮಿಷನ್. ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ ಗಾಳಿ ನೂಕುವ ಆ ಬೈಪ್ಯಾಪ್ ಅವ್ವನಿಗೆ ಎಬಿಜಿಗಿಂತಲೂ ದೊಡ್ಡ ಹಿಂಸೆ. ಕಿತ್ತು ಹಾಕೋರು. ತಂಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು, ‘ಇನ್ನೊಂದು ತಾಸು ಅಷ್ಟೇ ಅವ್ವಾ’ ಅಂತ ಸುಳ್ಳು ಹೇಳುತ್ತ ರಾತ್ರಿ ಕಳೆದಳು. ಆದರೆ ತಲೆ ತಿಳಿಯಾಗಿದ್ದು ಅದರಿಂದಲೇ. ಬೆಳಿಗ್ಗೆ ನನ್ನ ಹೆಸರು ಸರಿಯಾಗಿ ಕರೆದು, ‘ಚಾ ಕುಡಿದಿಯಾ?’ ಅಂತ ಕೇಳಿದರು.

ವಾರ್ಡಿನಲ್ಲಿ ಕಾಯುವುದೇ ಕೆಲಸ. ಆಗ ಫೈಲಿನಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆ. ಹೈಪಾಕ್ಸೀಮಿಯಾ ಅಂದರೆ ರಕ್ತದಲ್ಲಿ ಆಕ್ಸಿಜನ್ ಕಡಿಮೆ. ಹೈಪಾಕ್ಸಿಯಾ ಅಂದರೆ ದೇಹದ ಅಂಗಾಂಗಗಳಿಗೆ ಆಕ್ಸಿಜನ್ ಸಾಲದಿರುವುದು. ಅನಾಕ್ಸಿಯಾ ಅಂದರೆ ಪೂರ್ತಿ ಇಲ್ಲದೇ ಹೋಗುವುದು. ಸೈನೋಸಿಸ್ ಅಂದರೆ ಆ ನೀಲಿ ಬಣ್ಣ. ಡಿಸ್ಪ್ನಿಯಾ ಅಂದರೆ ಉಸಿರು ಸಾಲದ ಸಂಕಟ. ಆಕ್ಸಿಜನ್ ಇಳಿದವರಿಗೆಲ್ಲ ಸಂಕಟ ಆಗಲೇಬೇಕು ಅಂತಿಲ್ಲ. ಕೋವಿಡ್‌ನಲ್ಲಿ ಆರಾಮವಾಗಿ ಮಾತಾಡುತ್ತಿದ್ದವರ ಆಕ್ಸಿಜನ್ ಕುಸಿದಿರುತ್ತಿತ್ತಲ್ಲ, ಹಾಗೆ.

ಹೈಪಾಕ್ಸಿಯಾದಲ್ಲಿ ನಾಲ್ಕು ಬಗೆ. ರೌಂಡ್ಸಿಗೆ ಬಂದ ಎದೆರೋಗದ ಡಾಕ್ಟರ್ ಇದನ್ನು ನಮ್ಮ ಎಪಿಎಂಸಿ ಯಾರ್ಡಿನ ಲಾರಿಗಳ ಲೆಕ್ಕದಲ್ಲಿ ಹೇಳಿದರು. ರಕ್ತದ ಹಿಮೋಗ್ಲೋಬಿನ್ ಲಾರಿ, ಆಕ್ಸಿಜನ್ ಮೆಕ್ಕೆಜೋಳ. ಯಾರ್ಡಿನಲ್ಲಿ ಲೋಡೇ ಆಗದೆ ಲಾರಿ ಅರ್ಧ ಖಾಲಿ ಹೊರಟರೆ ಅದು ಹೈಪಾಕ್ಸಿಕ್ ಬಗೆ, ಅವ್ವನ ಶ್ವಾಸಕೋಶದ್ದು ಇದು. ಲಾರಿಗಳೇ ಕಡಿಮೆ ಇದ್ದರೆ ಅನೀಮಿಕ್. ಲೋಡ್ ಇದೆ, ಲಾರಿನೂ ಇದೆ, ಆದರೆ ರಸ್ತೆಯಲ್ಲಿ ನಿಂತುಬಿಟ್ಟರೆ ಸ್ಟ್ಯಾಗ್ನೆಂಟ್, ಹೃದಯ ಸೋತಾಗ, ರಕ್ತನಾಳ ಕಟ್ಟಿಕೊಂಡಾಗ ಹೀಗಾಗುತ್ತದೆ. ಮಾಲು ಬಾಗಿಲಿಗೆ ಬಂದರೂ ಇಳಿಸಿಕೊಳ್ಳಲು ಆಗದಿದ್ದರೆ ಹಿಸ್ಟೋಟಾಕ್ಸಿಕ್, ಸಯನೈಡ್ ವಿಷದಲ್ಲಿ ಆಗುವುದು ಇದೇ. ಇದರಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಆಕ್ಸಿಮೀಟರ್ ನೋಡುವುದು ಲಾರಿ ಎಷ್ಟು ತುಂಬಿದೆ ಅಂತ ಮಾತ್ರ. ಲಾರಿ ಎಷ್ಟಿವೆ, ಓಡುತ್ತಿವೆಯಾ ಅನ್ನೋದು ಅದಕ್ಕೆ ಗೊತ್ತಿಲ್ಲ. ರಕ್ತಹೀನತೆ ಇರುವವರ ಬೆರಳಲ್ಲಿ 98 ತೋರಿಸುತ್ತಿದ್ದರೂ ದೇಹಕ್ಕೆ ಆಕ್ಸಿಜನ್ ಸಾಲದೇ ಇರಬಹುದು.

ಅವ್ವನ ಹಿಮೋಗ್ಲೋಬಿನ್ 17.2 ಬಂದಿತ್ತು. ನೋಡಲು ಬಂದ ನೆಂಟರೆಲ್ಲ ‘ರಕ್ತ ಭಾಳ ಚಲೋ ಐತಿ’ ಅಂತ ಖುಷಿಪಟ್ಟರು. ನಿಜ ಬೇರೆ. ಆಕ್ಸಿಜನ್ ಬಹಳ ಕಾಲದಿಂದ ಕಡಿಮೆ ಇದ್ದರೆ ಮೂತ್ರಪಿಂಡ ಎರಿತ್ರೋಪೊಯೆಟಿನ್ ಅನ್ನೋ ಹಾರ್ಮೋನ್ ಜಾಸ್ತಿ ಬಿಡುತ್ತದೆ, ಮೂಳೆಮಜ್ಜೆ ಕೆಂಪು ರಕ್ತಕಣ ಜಾಸ್ತಿ ಮಾಡುತ್ತದೆ, ರಕ್ತ ದಪ್ಪ ಆಗುತ್ತದೆ. ಅದಕ್ಕೆ ಪಾಲಿಸೈತೀಮಿಯಾ ಅನ್ನುತ್ತಾರೆ. ಜೀವಕೋಶಗಳಿಗೆ ಆಕ್ಸಿಜನ್ ಕಡಿಮೆಯಾಗಿದ್ದು ಹೇಗೆ ಗೊತ್ತಾಗುತ್ತದೆ ಅಂತ ಕಂಡುಹಿಡಿದಿದ್ದಕ್ಕೆ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಅನ್ನೋ ಮೂವರಿಗೆ 2019ರ ವೈದ್ಯಕೀಯ ನೊಬೆಲ್ ಬಂದಿದೆ. ಅಂದರೆ ಅವ್ವನ ದೇಹ ಈ ಕೊರತೆಯನ್ನು ನಮಗಿಂತ ಎಷ್ಟೋ ಮೊದಲೇ ಲೆಕ್ಕ ಹಾಕಿತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಹೃದಯದ ಬಲಭಾಗಕ್ಕೆ ಹೊರೆ ಬಿದ್ದಿರುವುದೂ ಗೊತ್ತಾಯಿತು. ಕಾಲು ಊತಕ್ಕೆ ಕಾರಣ ಅದು.

ಡಿಸ್ಚಾರ್ಜ್ ದಿನ ಬೆಳಿಗ್ಗೆ ಹತ್ತಕ್ಕೆ ‘ಹೋಗಬಹುದು’ ಅಂದರು, ಬಿಲ್ ಆಗಿ ಹೊರಗೆ ಬಂದಾಗ ಬೀದಿದೀಪ ಹತ್ತಿತ್ತು. ಬಿಲ್ ಎಪ್ಪತ್ತನಾಲ್ಕು ಸಾವಿರದ ಹತ್ತಿರ. ಆಫೀಸಿನ ಇನ್ಶೂರೆನ್ಸ್‌ನಲ್ಲಿ ತಂದೆತಾಯಿ ಸೇರಿದ್ದಾರೆ, ಆದರೆ ಕ್ಯಾಶ್‌ಲೆಸ್ ಆಗಲಿಲ್ಲ, ಕೈಯಿಂದ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಮೊದಲೇ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕಾಗುತ್ತದೆ, ದಾವಣಗೆರೆಯಲ್ಲಿ ಅಂದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ.

ಈಗ ಆ ತಲೆನೋವಿಗೆ ಬರುತ್ತೇನೆ. ಕ್ಲೇಮ್ ಹಾಕಿದ ಸ್ವಲ್ಪ ದಿನಕ್ಕೆ ಇನ್ಶೂರೆನ್ಸ್‌ನಿಂದ ಪ್ರಶ್ನೆ ಬಂತು. ‘ರೋಗಿಯ ಎಸ್‌ಪಿಒ2 92 ಇದ್ದು, ಒಳರೋಗಿಯಾಗಿ ದಾಖಲಾಗುವ ಅಗತ್ಯವೇನಿತ್ತು?’ ಎಸ್‌ಪಿಒ2 ಅಂದರೆ ಬೆರಳಿನ ಆಕ್ಸಿಮೀಟರ್ ತೋರಿಸುವ ಅದೇ ನಂಬರ್. ಓದಿ ತಲೆ ಕೆಟ್ಟಿತು. ಡಿಸ್ಚಾರ್ಜ್ ಸಮರಿ ತೆಗೆದು ನೋಡಿದರೆ ‘ದಾಖಲಾದಾಗ ಎಸ್‌ಪಿಒ2 92%’ ಅಂತಲೇ ಇದೆ. ಆಗಿದ್ದೇನಪ್ಪಾ ಅಂದರೆ, ಕ್ಯಾಶುವಾಲ್ಟಿಯಲ್ಲಿ ಆಕ್ಸಿಜನ್ ಹಚ್ಚಿದ ಮೇಲೆ ವಾರ್ಡಿಗೆ ಕರೆದುಕೊಂಡು ಹೋದರು, ವಾರ್ಡಿನಲ್ಲಿ ನೋಡಿದ ನಂಬರ್ 92, ಸಮರಿ ಬರೆದವರು ಅದನ್ನೇ ಎತ್ತಿಕೊಂಡರು. ‘2 ಲೀಟರ್ ಆಕ್ಸಿಜನ್ ಮೇಲೆ’ ಅನ್ನೋ ಮಾತು ಎಲ್ಲೂ ಇಲ್ಲ. ರೂಮ್ ಏರ್ ಅಂತ ಬರೆದಿದ್ದ ಹಳದಿ ಚೀಟಿ ಫೈಲಿನೊಳಗೆ ಉಳಿದಿದೆ, ನಮ್ಮ ಕೈಯಲ್ಲಿ ಇಲ್ಲ.

ಅದನ್ನು ಸರಿಮಾಡಿಸಲು ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅಲೆದಾಟ. ಮೊದಲು ‘ಸಮರಿ ಸೈನ್ ಆದ ಮೇಲೆ ಬದಲಾಯಿಸಕ್ಕೆ ಬರಲ್ಲ’ ಅಂದರು. ಆಮೇಲೆ ‘ಆ ಡಾಕ್ಟರ್ ರಜೆ’ ಅಂದರು. ಆಮೇಲೆ ‘ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ, ಆಧಾರ್ ಜೆರಾಕ್ಸ್ ಹಚ್ಚಿ’ ಅಂದರು. ಕೊನೆಗೆ ದಾರಿ ತೋರಿಸಿದ್ದು ಅಲ್ಲೇ ಕೂತಿದ್ದ ಒಬ್ಬ ಗುಮಾಸ್ತೆ. ಸಮರಿ ಬದಲಾಯಿಸಲು ಜಗ್ಗಾಡಬೇಡಿ ಸರ್, ಎರಡು ಕಾಗದ ಕೇಳಿ ಅಂದರು. ಒಂದು, ಕ್ಯಾಶುವಾಲ್ಟಿ ಚೀಟಿ ಮತ್ತು ಮೊದಲ ಎಬಿಜಿಯ ಸೀಲ್ ಹಾಕಿದ ನಕಲು. ಇನ್ನೊಂದು, ದಾಖಲಾಗುವಾಗ ರೂಮ್ ಏರ್‌ನಲ್ಲಿ 84 ಇತ್ತು, ಟೈಪ್ 2 ರೆಸ್ಪಿರೇಟರಿ ಫೇಲ್ಯೂರ್ ಇತ್ತು ಅಂತ ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು. ಹಾಗೇ ಮಾಡಿದೆ, ಕೆಲಸ ಆಯಿತು. ಆ ಪುಣ್ಯಾತ್ಮ ಬಾಗಿಲಲ್ಲೇ ಸಿಕ್ಕಿದ್ದರೆ ಎಷ್ಟು ರಜೆ ಉಳಿಯುತ್ತಿತ್ತೋ.

ಹಾಗಾಗಿ ನನ್ನ ಬಲವಾದ ಮಾತು ಇದು. ಯಾವುದೇ ಕಾಗದದಲ್ಲಿ ಆಕ್ಸಿಜನ್ ನಂಬರ್ ಇದ್ದರೆ ಅದರ ಪಕ್ಕ ರೂಮ್ ಏರ್‌ನಲ್ಲಾ, ಎಷ್ಟು ಲೀಟರ್ ಮೇಲಾ, ಕೂತಾಗಲಾ, ನಡೆದಾಗಲಾ ಅನ್ನೋದು ಬರೆದಿರಬೇಕು. ಬರೀ ನಂಬರ್‌ಗೆ ಬೆಲೆ ಇಲ್ಲ. ಕ್ಯಾಶುವಾಲ್ಟಿ ಚೀಟಿ ಫೈಲಿಗೆ ಸೇರುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಡಿಸ್ಚಾರ್ಜ್ ಸಮರಿಯನ್ನು ಅಲ್ಲೇ ನಿಂತು ಓದಿ. ಸುಸ್ತಾಗಿರುತ್ತದೆ, ಒಮ್ಮೆ ಮನೆಗೆ ಹೋದರೆ ಸಾಕು ಅನ್ನಿಸುತ್ತದೆ, ಆದರೂ ಓದಿ.

ಮನೆಗೆ ಬಂದ ಮೇಲೆ ಆಕ್ಸಿಜನ್ ಬೇಕಾ, ಬೇಡವಾ? ಡಿಸ್ಚಾರ್ಜ್ ಆಗುವಾಗ ಬಾಡಿಗೆಗೆ ಕಾನ್ಸನ್‌ಟ್ರೇಟರ್, ಅಂದರೆ ಮನೆಯಲ್ಲೇ ಆಕ್ಸಿಜನ್ ಕೊಡುವ ಮಿಷನ್, ತಗೊಳ್ಳಿ ಅಂದಿದ್ದರು. ಆದರೆ ದೀರ್ಘಕಾಲ ಬೇಕಾ ಅನ್ನೋದನ್ನು ಕಾಯಿಲೆ ಜೋರಾಗಿದ್ದಾಗಲೇ ತೀರ್ಮಾನಿಸಲ್ಲ, ಕೆಲವು ವಾರ ಬಿಟ್ಟು ಆರಾಮಾದ ಮೇಲೆ ಮತ್ತೆ ಎಬಿಜಿ ಮಾಡುತ್ತಾರೆ. ಪಿಎಒ2 55 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಎಸ್‌ಪಿಒ2 88 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮನೆಯಲ್ಲಿ ಕಾಯಂ ಆಕ್ಸಿಜನ್. 56ರಿಂದ 59ರ ನಡುವೆ ಇದ್ದರೆ ಹೃದಯದ ಬಲಭಾಗದ ತೊಂದರೆ, ರಕ್ತ ದಪ್ಪ ಆಗಿರುವುದು ಇಂಥದ್ದೆಲ್ಲ ನೋಡುತ್ತಾರೆ. ಅವ್ವನಿಗೆ 53 ಬಂತು. ಅದೇ ದಿನ ಸ್ಪೈರೋಮೆಟ್ರಿ ಅನ್ನೋ ಉಸಿರಿನ ಪರೀಕ್ಷೆಯೂ ಆಯಿತು. ಜೋರಾಗಿ ಊದಬೇಕು, ಅವ್ವ ಊದುವ ಬದಲು ಕೆಮ್ಮುತ್ತಿದ್ದರು, ಟೆಕ್ನೀಷಿಯನ್ ಹುಡುಗಿ ಬೇಸರ ಮಾಡಿಕೊಳ್ಳದೆ ‘ಊದಿ ಅಜ್ಜಿ, ಊದಿ ಊದಿ ಊದಿ’ ಅಂತ ಕೂಗಿ ಕೂಗಿ ಮಾಡಿಸಿದಳು.

ಚೀಟಿಯಲ್ಲಿ ಹೀಗೆ ಬಂತು: 1ರಿಂದ 2 ಲೀಟರ್, ದಿನಕ್ಕೆ 15 ಗಂಟೆಗಿಂತ ಕಡಿಮೆ ಬೇಡ, ಗುರಿ 88ರಿಂದ 92. ‘ಬರೀ 92ರವರೆಗಾ? 99 ಬರಬಾರದಾ?’ ಅಂತ ಎಲ್ಲರೂ ಕೇಳಿದರು. ಸಿಒಪಿಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿರುವವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ಆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು, ಮಂಪರು ಬರಬಹುದು. ನಮ್ಮ ಮನೆಯಲ್ಲಿ ಅದೂ ಆಯಿತು. ದೊಡ್ಡಮ್ಮನ ಮಗ ನೋಡಲು ಬಂದವನು, ಪ್ರೀತಿಯಿಂದಲೇ, ‘ಯಾಕೋ ಇಷ್ಟು ಕಡಿಮೆ ಇಟ್ಟೀರಿ, ದುಡ್ಡೇನು ಜಾಸ್ತಿ ಆಗಲ್ಲಲ್ಲ’ ಅಂತ ಗುಂಡಿ ತಿರುಗಿಸಿ 4ಕ್ಕೆ ಇಟ್ಟು ಹೋಗಿದ್ದ. ಸಂಜೆಗೆ ಅವ್ವನಿಗೆ ತಲೆನೋವು, ಕರೆದರೆ ‘ಹ್ಞಾ’ ಅಂದು ಮತ್ತೆ ಕಣ್ಣು ಮುಚ್ಚೋರು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಇಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದೆವು. ಅವತ್ತಿನಿಂದ ಮಿಷನ್ ಮೇಲೆ ‘ಮುಟ್ಟಬೇಡಿ’ ಅಂತ ಕೆಂಪು ಅಕ್ಷರದ ಚೀಟಿ ಅಂಟಿಸಿದ್ದೇನೆ. ನೀವೂ ಅಂಟಿಸಿ.

ಮಿಷನ್ ವಿಷಯಕ್ಕೆ ಬಂದರೆ, ಇದು ಸಿಲಿಂಡರ್ ಅಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಜಿಯೋಲೈಟ್ ಅನ್ನೋ ಹರಳಿನ ಮೂಲಕ ಹಾಯಿಸಿ ನೈಟ್ರೋಜನ್ ಹಿಡಿದಿಟ್ಟು, 90ಕ್ಕೂ ಹೆಚ್ಚು ಶೇಕಡಾ ಆಕ್ಸಿಜನ್ ಇರುವ ಗಾಳಿ ಬಿಡುತ್ತದೆ. 5 ಲೀಟರಿನದು ಅವ್ವನಂಥವರಿಗೆ ಸಾಕು. ನಮಗೆ ಬಾಡಿಗೆ ತಿಂಗಳಿಗೆ ಐದು ಸಾವಿರ, ಡಿಪಾಸಿಟ್ ಹತ್ತು ಸಾವಿರ. ಹೊಸದಕ್ಕೆ ಐವತ್ತು ಸಾವಿರದ ಹತ್ತಿರ ಹೇಳಿದರು. ಮನೆಗೆ ತಂದಾಗ ಎಷ್ಟು ಗಂಟೆ ಓಡಿದೆ ಅನ್ನೋ ಮೀಟರ್ ನೋಡಿ, ಆಕ್ಸಿಜನ್ ಶೇಕಡಾ ಎಷ್ಟು ಬರುತ್ತಿದೆ ಅಂತ ಅವರಿಂದಲೇ ಅಳೆಸಿ. ನಮಗೆ ಮೊದಲು ಕೊಟ್ಟಿದ್ದು ಹಳೇ ಗಾಡಿ, ರಾತ್ರಿಯಿಡೀ ಗರಗರ ಸದ್ದು, ಬದಲಾಯಿಸಿಕೊಂಡೆವು. ನಮ್ಮ ಊರಿನ ಧೂಳು ಗೊತ್ತಲ್ಲ, ಫಿಲ್ಟರ್ ವಾರಕ್ಕೊಮ್ಮೆ ತೊಳೆಯಲೇಬೇಕು. ಮಿಷನ್‌ಗೆ ಹಚ್ಚಿರುವ ನೀರಿನ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಮೂಗು ಒಣಗಿದರೆ ವ್ಯಾಸಲಿನ್ ಹಚ್ಚಬೇಡಿ, ಆಕ್ಸಿಜನ್ ಜೊತೆ ಅಂಥ ಜಿಡ್ಡು ಬೆಂಕಿಗೆ ದಾರಿ. ಒಲೆ, ದೀಪ, ಊದಿನಕಡ್ಡಿ ಎಲ್ಲ ದೂರ. ಅವ್ವನಿಗೆ ಬೆಳಗಿನ ಪೂಜೆ ಬಿಡಲು ಆಗಲ್ಲ. ಹಾಗಾಗಿ ಮೊದಲು ಮಿಷನ್ ಆಫ್ ಮಾಡಿ, ಮೂಗಿನ ನಳಿಕೆ ತೆಗೆದಿಟ್ಟು, ಬೇರೆ ಕೋಣೆಯಲ್ಲಿ ದೀಪ ಹಚ್ಚಿ ಬರುತ್ತಾರೆ. ಉಳಿದ ಗಂಟೆಗಳಲ್ಲಿ 15ರ ಲೆಕ್ಕ ತುಂಬಿಸುತ್ತೇವೆ, ರಾತ್ರಿ ನಿದ್ದೆಯೇ ಅರ್ಧಕ್ಕಿಂತ ಜಾಸ್ತಿ ತುಂಬಿಸುತ್ತದೆ.

ಯಾರೂ ಹೇಳದೇ ಇದ್ದ ಖರ್ಚು ಅಂದರೆ ಕರೆಂಟು. ಮಿಷನ್ ಸುಮಾರು 350 ವ್ಯಾಟ್ ಎಳೆಯುತ್ತದೆ. ದಿನಕ್ಕೆ 15 ಗಂಟೆ ಅಂದರೆ ಐದು ಯೂನಿಟ್ ಮೇಲೆ, ತಿಂಗಳಿಗೆ ನೂರೈವತ್ತು ದಾಟುತ್ತದೆ. ಅಲ್ಲಿಯವರೆಗೆ ಗೃಹಜ್ಯೋತಿಯಲ್ಲಿ ನಮ್ಮದು ಸೊನ್ನೆ ಬಿಲ್. ನಿಮಗೆ ನಿಗದಿಯಾದ ಸರಾಸರಿ ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾವು ದಾಟಿದೆವು. ಕರೆಂಟ್ ಹೋದಾಗ ಏನು ಅನ್ನೋದೂ ಇದೆ. ನಮ್ಮ ಮನೆ ಇನ್ವರ್ಟರ್ ಮೇಲೆ ಎರಡು ಮೂರು ಗಂಟೆಗಿಂತ ಜಾಸ್ತಿ ನಂಬಿಕೆ ಇಲ್ಲ. ಅದಕ್ಕೆ ಒಂದು ಬಿ ಟೈಪ್ ಸಿಲಿಂಡರ್ ತಂದಿಟ್ಟಿದ್ದೇವೆ. ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರ್‌ನಂತೆ ಹನ್ನೆರಡು ಗಂಟೆ. ಬೆಸ್ಕಾಂ ಸಹಾಯವಾಣಿ 1912 ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಓಣಿಯಲ್ಲಿ ಮಾತು ಬೇರೆ. 2021ರ ಕೋವಿಡ್ ನೋಡಿದವರಿಗೆ ಆಕ್ಸಿಜನ್ ಅಂದರೆ ಕೊನೆ ಅಂತಲೇ ಅರ್ಥ. ಬಂದವರು ಅವ್ವನ ಮುಂದೆಯೇ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವ್ವನೇ ಒಬ್ಬರಿಗೆ ‘ನಾನಿನ್ನೂ ಇದೀನವ್ವಾ, ಜೋರಾಗಿ ಮಾತಾಡು’ ಅಂದರು. ಅವರಿಗೆ ನಿಜವಾಗಿ ಬೇಜಾರಿರುವುದು ನಳಿಕೆಯ ಉದ್ದದ ಬಗ್ಗೆ. ಅದು ಜಗುಲಿಯವರೆಗೆ ಹೋಗುತ್ತದೆ, ಗೇಟಿನವರೆಗೆ ಹೋಗುವುದಿಲ್ಲ.

ಕ್ಲೇಮ್‌ನಲ್ಲಿ ಅರವತ್ತೊಂದು ಸಾವಿರ ಬಂತು. ಗ್ಲೌಸ್, ಮಾಸ್ಕ್, ನೆಬುಲೈಸರ್ ಕಿಟ್ ಇಂಥದ್ದೆಲ್ಲ ಕಳೆದರು. ಮನೆಯ ಮಿಷನ್ ಬಾಡಿಗೆಗೆ ನಮ್ಮ ಪಾಲಿಸಿಯಲ್ಲಿ ಒಂದು ರೂಪಾಯಿ ಇಲ್ಲ. ಬಾಡಿಗೆ ಕೊಡುವ ಬದಲು ಕೊಂಡೇಬಿಡೋಣ ಅಂತ ತಂಗಿ ಅನ್ನುತ್ತಾಳೆ. ಎರಡು ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿ ಆಕ್ಸಿಜನ್ ಇನ್ನೂ ಬೇಕಾ ಅಂತ ನೋಡುತ್ತಾರೆ, ಅಲ್ಲಿಯವರೆಗೆ ಬಾಡಿಗೆಯೇ ಇರಲಿ ಅಂತ ನಾನು. ಆ ಪರೀಕ್ಷೆ ಮುಂದಿನ ತಿಂಗಳಿದೆ. ರೂಮ್ ಏರ್‌ನಲ್ಲಿ ಎಬಿಜಿ ಮಾಡಬೇಕಾದರೆ ಆಕ್ಸಿಜನ್ ತೆಗೆದು ಅರ್ಧ ಗಂಟೆಯಷ್ಟು ಕಾಯಿಸುತ್ತಾರೆ. ಅದನ್ನು ಆಸ್ಪತ್ರೆಯಲ್ಲೇ, ಅವರ ಕಣ್ಣೆದುರೇ ಮಾಡಿಸಿ. ಮನೆಯಿಂದಲೇ ತೆಗೆದುಕೊಂಡು ಆಟೋದಲ್ಲಿ ಹೋಗಬೇಡಿ.